ಬಿಯರ್ ಗ್ಲಾಸ್ ತೊಳೆಯೋದು ಅಂದ್ರೆ ಅಷ್ಟು ಸುಲಭಾನಾ?

ಇವತ್ತಿನ ಎಪಿಸೋಡ್ ಒಂದು ಜಗಳದಿಂದ ಶುರು ಮಾಡ್ತೀನಿ. ಜಗಳ ನಡೆದಿದ್ದು ನಮ್ಮ ರೂಮಲ್ಲಿ, ಒಂದು ಶನಿವಾರ ರಾತ್ರಿ, ಎಗ್ ಬುರ್ಜಿ ತಿಂದಾದ ಮೇಲೆ. ಮೊದಲೇ ಹೇಳಿಬಿಡ್ತೀನಿ, ಕುಡಿಯೋ ವಯಸ್ಸಾಗದವರು ಹಿಸ್ಟರಿ ಮಾತ್ರ ಕೇಳಿಸಿಕೊಳ್ಳಿ. ಕುಡಿಯದೇ ಇರೋರಿಗೂ ಇದರಲ್ಲಿ ವಿಷಯ ಇದೆ, ಸ್ವಲ್ಪ ತಾಳ್ಮೆ ಇರಲಿ.

ಆಗಿದ್ದಿಷ್ಟೆ. ಫ್ರೆಂಡ್ ಒಬ್ಬ ಬಿಯರ್ ತಂದಿದ್ದ. ಗಾಜಿನ ಮಗ್‌ಗೆ ಸುರಿದ. ನೊರೆ ಬಂತು, ಹತ್ತು ಸೆಕೆಂಡ್‌ನಲ್ಲಿ ಮಾಯ. ಮಗ್‌ನ ಗೋಡೆಗೆ ಗುಳ್ಳೆಗಳು ಅಂಟಿಕೊಂಡು ಕೂತಿದ್ವು. "ಮಗಾ, ಅಂಗಡಿಯವ್ನು ಹಳೇ ಸ್ಟಾಕ್ ಕೊಟ್ಟವ್ನೆ" ಅಂತ ಇವನು ರೇಗಿದ. ಇನ್ನೊಬ್ಬ ಅದೇ ಬಾಟಲ್‌ನಿಂದ, ಯಾವುದೋ ಬರ್ತ್‌ಡೇಗೆ ತಂದು ಉಳಿದಿದ್ದ ಪೇಪರ್ ಕಪ್‌ಗೆ ಸುರಿದ. ಎರಡು ಬೆರಳು ದಪ್ಪ ನೊರೆ ಜಮ್ ಅಂತ ನಿಂತುಕೊಳ್ತು. ಅಂದ್ರೆ ತಪ್ಪು ಬಿಯರ್‌ದಲ್ಲ, ಗ್ಲಾಸ್‌ದು. ಗ್ಲಾಸ್ ತೊಳೆದಿದ್ದು ನಾನು. ಬುರ್ಜಿ ಬಾಣಲೆ ಉಜ್ಜಿದ ಸ್ಕ್ರಬ್ಬರ್‌ನಲ್ಲೇ.

ಅವತ್ತು ಎಲ್ಲರೂ ಸೇರಿ ನನ್ನ ಮರ್ಯಾದೆ ತೆಗೆದ್ರು. ಆದರೆ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಉಳೀತು. ಕಣ್ಣಿಗೆ ಪಳಪಳ ಅಂತಿದ್ದ ಗ್ಲಾಸ್ ಕ್ಲೀನ್ ಅಲ್ಲ ಅಂದ್ರೆ, ಕ್ಲೀನ್ ಅಂದ್ರೆ ಏನು? ಹುಡುಕ್ತಾ ಹೋದೆ. ಎಲ್ಲೆಲ್ಲಿಗೋ ಹೋಯ್ತು.

ಮೊದಲು ಗ್ಲಾಸ್ ವಿಷಯ. ಯುರೋಪಿನ ಜನ ನೂರಾರು ವರ್ಷ ಬಿಯರ್ ಕುಡಿದಿದ್ದು ಮಣ್ಣಿನ, ಮರದ, ಚರ್ಮದ, ತವರದ ಪಾತ್ರೆಗಳಲ್ಲಿ. ಒಳಗೆ ಏನಿದೆ ಅಂತ ಕಾಣೋದೇ ಇಲ್ಲ. ಬಿಯರ್ ಕೂಡ ಕಂದು ಬಣ್ಣದ್ದು, ಮಬ್ಬು. ನೊಣ ಬಿದ್ದಿದ್ರೂ ಬಾಯಿಗೆ ಬಂದಾಗಲೇ ಗೊತ್ತಾಗೋದು. 1842ರಲ್ಲಿ ಬೊಹೇಮಿಯಾದ ಪಿಲ್ಸೆನ್ ಊರಲ್ಲಿ, ಅಂದ್ರೆ ಇವತ್ತಿನ ಚೆಕ್ ದೇಶದಲ್ಲಿ, ಯೋಸೆಫ್ ಗ್ರೋಲ್ ಅನ್ನೋ ಬವೇರಿಯಾದ ಬ್ರೂವರ್ ಚಿನ್ನದ ಬಣ್ಣದ, ತಿಳಿಯಾದ ಬಿಯರ್ ಮಾಡಿದ. ಇವತ್ತು ನಮ್ಮ ವೈನ್ ಶಾಪ್‌ಗಳಲ್ಲಿ ಸಿಗೋ ಲಾಗರ್‌ಗಳಲ್ಲಿ ಹೆಚ್ಚಿನವು ಅದರದ್ದೇ ವಂಶ. ಮೂರೇ ವರ್ಷಕ್ಕೆ, 1845ರಲ್ಲಿ, ಬ್ರಿಟನ್ ಗಾಜಿನ ಮೇಲಿನ ತೆರಿಗೆ ತೆಗೆದುಹಾಕ್ತು. ಸುಮಾರು ನೂರು ವರ್ಷ ಇದ್ದ ತೆರಿಗೆ ಅದು. ನಾನು ಬಿ.ಕಾಂ. ಓದಿದವನು, ಹಿಸ್ಟರಿಯಲ್ಲಿ ತೆರಿಗೆ ಬಂದ ತಕ್ಷಣ ಕಿವಿ ನಿಮಿರುತ್ತೆ. ತೆರಿಗೆ ಹೋಯ್ತು, ಗಾಜು ಅಗ್ಗ ಆಯ್ತು, ನಿಧಾನವಾಗಿ ಸಾಮಾನ್ಯ ಜನರ ಕೈಗೂ ಗ್ಲಾಸ್ ಬಂತು.

ಎಲ್ಲರಿಗೂ ಇದು ಇಷ್ಟ ಆಗಲಿಲ್ಲ. ನಮ್ಮ ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಜಾರ್ಜ್ ಆರ್ವೆಲ್ 1946ರಲ್ಲಿ ತನ್ನ ಕನಸಿನ ಪಬ್ ಬಗ್ಗೆ ಒಂದು ಪ್ರಬಂಧ ಬರೆದ. ಜನಕ್ಕೆ ಪಾರದರ್ಶಕ ಗ್ಲಾಸೇ ಬೇಕು, ಆದರೆ ಪಿಂಗಾಣಿ ಮಗ್‌ನಲ್ಲೇ ಬಿಯರ್ ರುಚಿ ಅನ್ನೋದು ಅವನ ವಾದ. ಇರಲಿ. ಗ್ಲಾಸ್ ಗೆದ್ದಿತು. ಗೆದ್ದ ಮೇಲೆ ಕೊಳೆ ಕಾಣೋದಕ್ಕೆ ಶುರುವಾಯ್ತು.

ಈಗ ನೊರೆ. ಬಾರ್ಲಿಯಿಂದ ಬರೋ ಪ್ರೋಟೀನು, ಹಾಪ್ಸ್ ಹೂವಿನಿಂದ ಬರೋ ಕಹಿ ಅಂಶ, ಇವೆರಡೂ ಸೇರಿ ಒಂದೊಂದು ಗುಳ್ಳೆಗೂ ತೆಳ್ಳನೆ ಚರ್ಮ ಹೊದಿಸುತ್ತವೆ. ಎಣ್ಣೆ, ಜಿಡ್ಡು ತಾಗಿದ್ರೆ ಆ ಚರ್ಮ ಹರಿಯುತ್ತೆ. ಲಿಪ್‌ಸ್ಟಿಕ್ ಸಾಕು, ಚಿಪ್ಸ್ ತಿಂದ ತುಟಿ ಸಾಕು. ಸರಿಯಾಗಿ ಜಾಲಿಸದೆ ಬಿಟ್ಟ ಡಿಟರ್ಜೆಂಟ್ ಕೂಡ ಅದೇ ಕೆಲಸ ಮಾಡುತ್ತೆ. ಗೋಡೆಗೆ ಗುಳ್ಳೆ ಅಂಟಿದ್ರೆ, ಅಲ್ಲಿ ಜಿಡ್ಡೋ ಧೂಳೋ ಬಟ್ಟೆಯ ನಾರೋ ಇದೆ ಅಂತ ಅರ್ಥ.

ಇನ್ನೊಂದು ತಾಪತ್ರಯ ನೀರು. ನಮ್ಮ ಬೆಂಗಳೂರಲ್ಲಿ ಬೋರ್‌ವೆಲ್ ನೀರಿನ ಮನೆಯಲ್ಲಿ ಇರೋರಿಗೆ ನಾನು ಏನೂ ಹೇಳಬೇಕಾಗಿಲ್ಲ, ನಿಮ್ಮ ಬಕೆಟ್ ನೋಡಿದ್ರೆ ಸಾಕು. ಗಡಸು ನೀರಿನ ಕ್ಯಾಲ್ಸಿಯಂ ಹಳೇ ಕಾಲದ ಸೋಪಿನ ಜೊತೆ ಸೇರಿದ್ರೆ ನೀರಲ್ಲಿ ಕರಗದ ಜಿಗುಟು ಪದರ ಆಗುತ್ತೆ. ಅಂದ್ರೆ ಸೋಪು ಹಾಕಿ ತೊಳೆದಷ್ಟೂ ಗ್ಲಾಸ್ ಮಂಕು. ಮನೆಮನೆಗೆ ಸಿಂಥೆಟಿಕ್ ಡಿಟರ್ಜೆಂಟ್ ಬರೋಕೆ ಶುರುವಾಗಿದ್ದು 1930ರ ದಶಕದಲ್ಲಿ. ಅಲ್ಲಿವರೆಗೆ ಗಡಸು ನೀರಿನ ಊರುಗಳಲ್ಲಿ ಗ್ಲಾಸ್ ತೊಳೆದವರ ಪಾಡು ಯೋಚನೆ ಮಾಡಿ.

ಇಷ್ಟೂ ನೊರೆ, ರುಚಿ, ಅಂದದ ಮಾತಾಯ್ತು. ಜೀವದ ಪ್ರಶ್ನೆ ಬಂದಿದ್ದು ಬೇರೆ ಕಡೆಯಿಂದ, ಅದೂ ಬಿಯರನ್ನೇ ನಿಷೇಧ ಮಾಡಿದ್ದ ಅಮೆರಿಕದ ಕ್ಯಾನ್ಸಸ್ ರಾಜ್ಯದಿಂದ.

ಆಗ ಅಮೆರಿಕದ ರೈಲುಗಳಲ್ಲಿ, ಶಾಲೆಗಳಲ್ಲಿ ನೀರಿನ ಪೀಪಾಯಿ ಪಕ್ಕ ಒಂದು ಲೋಟ ತೂಗುಬಿಟ್ಟಿರೋರು, ಚೈನ್ ಕಟ್ಟಿ. ಎಲ್ಲರಿಗೂ ಅದೊಂದೇ ಲೋಟ, ಮಧ್ಯದಲ್ಲಿ ತೊಳೆಯೋ ಮಾತೇ ಇಲ್ಲ. 1882ರಲ್ಲೇ ರಾಬರ್ಟ್ ಕಾಕ್ ಕ್ಷಯರೋಗದ ಬ್ಯಾಕ್ಟೀರಿಯಾ ತೋರಿಸಿಕೊಟ್ಟಿದ್ದ. ವಿಜ್ಞಾನಿಗಳಿಗೆ ಗೊತ್ತಾಗಿ ಇಪ್ಪತ್ತೈದು ವರ್ಷ ಕಳೆದಿತ್ತು, ಲೋಟ ಮಾತ್ರ ಅಲ್ಲೇ ತೂಗಾಡ್ತಾ ಇತ್ತು. ಸ್ಯಾಮ್ಯುಯೆಲ್ ಕ್ರಂಬೈನ್ ಅನ್ನೋ ಡಾಕ್ಟರ್ ಕ್ಯಾನ್ಸಸ್ ಆರೋಗ್ಯ ಮಂಡಳಿಯ ಕಾರ್ಯದರ್ಶಿ. ಒಂದು ಸಲ ರೈಲಲ್ಲಿ ಹೋಗ್ತಾ ಇದ್ರು. ಕ್ಷಯ ಇರೋ ಪ್ರಯಾಣಿಕರೊಬ್ಬರು ಬಂದು ಆ ಲೋಟದಲ್ಲಿ ನೀರು ಕುಡಿದು ಹೋದ್ರು. ಹಿಂದೆಯೇ ಒಂದು ಮಗು ಬಂದು ಅದೇ ಲೋಟಕ್ಕೆ ಬಾಯಿಟ್ಟಿತು. ಡಾಕ್ಟರ್ ಕಣ್ಣೆದುರಿಗೇ.

1909ರಲ್ಲಿ ಕ್ಯಾನ್ಸಸ್ ಸಾರ್ವಜನಿಕ ಲೋಟವನ್ನ ನಿಷೇಧ ಮಾಡ್ತು, ಅಮೆರಿಕದಲ್ಲೇ ಮೊದಲು. ಅದರ ಹಿಂದಿನ ವರ್ಷ, ಪೆನ್ಸಿಲ್ವೇನಿಯಾದ ಲಫಾಯೆಟ್ ಕಾಲೇಜಿನ ಬಯಾಲಜಿ ಪ್ರೊಫೆಸರ್ ಆಲ್ವಿನ್ ಡೇವಿಸನ್ ಶಾಲೆಯ ಲೋಟವೊಂದನ್ನ ಮೈಕ್ರೋಸ್ಕೋಪ್ ಕೆಳಗಿಟ್ಟು ನೋಡಿ, ಅಂಚಿಗೆ ಅಂಟಿರೋ ಮಕ್ಕಳ ತುಟಿಯ ಸತ್ತ ಚರ್ಮ, ಬ್ಯಾಕ್ಟೀರಿಯಾ ಎಲ್ಲ ವರ್ಣಿಸಿ ಲೇಖನ ಬರೆದಿದ್ದ. ತಲೆಬರಹದಲ್ಲೇ ಸಾವು ಇತ್ತು. ಓದಿದ ತಂದೆ ತಾಯಂದಿರಿಗೆ ರಾತ್ರಿ ನಿದ್ದೆ ಬಂದಿರಲಿಕ್ಕಿಲ್ಲ.

ಇಲ್ಲಿ ಬಿಸಿನೆಸ್ ಕತೆ ಬರುತ್ತೆ, ನನ್ನ ಫೇವರಿಟ್ ಪಾರ್ಟ್. ಬಾಸ್ಟನ್ನಿನ ವಕೀಲ ಲಾರೆನ್ಸ್ ಲ್ಯೂಲೆನ್ ಒಂದು ಮಷಿನ್ ಮಾಡಿದ್ದ. ಒಂದು ಪೆನ್ನಿ ಹಾಕಿದ್ರೆ ಒಂದು ಕಪ್ ತಣ್ಣನೆ ನೀರು. ಅವನೂ ಅವನ ಪಾರ್ಟ್‌ನರ್ ಹ್ಯೂ ಮೂರ್, ಹಾರ್ವರ್ಡ್ ಬಿಟ್ಟು ಬಂದ ಹುಡುಗ, ಇಬ್ಬರೂ ಅಂದುಕೊಂಡಿದ್ದು ತಾವು ಮಾರ್ತಾ ಇರೋದು ನೀರು ಅಂತ. ಪುಕ್ಕಟೆ ಸಿಗೋ ನೀರಿಗೆ ಯಾರು ದುಡ್ಡು ಕೊಡ್ತಾರೆ? ಸ್ವಲ್ಪ ದಿನಕ್ಕೆ ಬುದ್ಧಿ ಬಂತು. ಮಾರಬೇಕಾಗಿರೋದು ನೀರಲ್ಲ, ಪೇಪರ್ ಕಪ್. ಪೇಪರ್ ಕಪ್ ಮಾರಬೇಕು ಅಂದ್ರೆ ಜನಕ್ಕೆ ತವರದ ಲೋಟದ ಭಯ ಹುಟ್ಟಬೇಕು. ಅದಕ್ಕೆ ಲೋಟದ ವಿರುದ್ಧ ಒಂದು ಪತ್ರಿಕೆಯನ್ನೇ ಹೊರಡಿಸಿದ್ರು. ಇವತ್ತಿನ ಭಾಷೆಯಲ್ಲಿ ಕಂಟೆಂಟ್ ಮಾರ್ಕೆಟಿಂಗ್. ಕಪ್ಪಿನ ಹೆಸರು ಮೊದಲು ಹೆಲ್ತ್ ಕಪ್. 1918ರ ಇನ್‌ಫ್ಲುಯೆಂಜಾ ಬಂದು ಹೋದ ಮೇಲೆ ಮಾರಾಟಕ್ಕೆ ಹೇಳೋದೇ ಬೇಡ. 1919ರಲ್ಲಿ ಪಕ್ಕದ ಬೊಂಬೆ ಕಂಪನಿಯ ಹೆಸರು ಚೆನ್ನಾಗಿದೆ ಅಂತ ಡಿಕ್ಸಿ ಅಂತ ಬದಲಾಯಿಸಿದ್ರು. ಡಿಕ್ಸಿ ಕಪ್ ಇವತ್ತಿಗೂ ಇದೆ. ವ್ಯಾಪಾರಕ್ಕೋಸ್ಕರ ಭಯ ಮಾರಿದ್ರು, ನಿಜ. ಭಯ ಸುಳ್ಳಾಗಿರಲಿಲ್ಲ, ಅದೂ ನಿಜ. ನನಗೆ ಇವರ ಮೇಲೆ ಕೋಪ ಮಾಡಿಕೊಳ್ಳೋಕೆ ಆಗ್ತಿಲ್ಲ.

ಇದನ್ನೆಲ್ಲ ಓದ್ತಾ ಇದ್ದಾಗ ನನಗೆ ಒಂದು ಲೋಟ ನೆನಪಾಯ್ತು. ಇದನ್ನ ಹೇಳಬೇಕಾ ಬೇಡವಾ ಅಂತ ಎರಡು ದಿನ ಯೋಚನೆ ಮಾಡಿದೆ.

ಮಂಡ್ಯ ಕಡೆ ನಮ್ಮ ಅಜ್ಜಿ ಊರು. ಹಿತ್ತಲಲ್ಲಿ ಕೊಟ್ಟಿಗೆ ಗೋಡೆಗೆ ಒಂದು ಗೂಡು. ಅದರಲ್ಲಿ ಒಂದು ಗಾಜಿನ ಲೋಟ ಬೋರಲು ಹಾಕಿರ್ತಿತ್ತು. ನಾನು ಆಗ ಎರಡನೇ ಕ್ಲಾಸೋ ಮೂರನೇದೋ. ಆಟಕ್ಕೆ ಅಂತ ಎತ್ತಿಕೊಂಡೆ. ಅಜ್ಜಿ ಓಡಿ ಬಂದ್ರು. "ಮುಟ್ಬೇಡ ಕಣ್ಲಾ, ಅದು ಅವ್ರುದು." ಅವರು ಅಂದ್ರೆ ನಮ್ಮ ಗದ್ದೆ ಕೆಲಸಕ್ಕೆ ಬರ್ತಿದ್ದ ದಲಿತ ಹೆಂಗಸು. ಬೆಳಿಗ್ಗೆ ಅದರಲ್ಲೇ ಟೀ ಕುಡಿದು, ತಾವೇ ಬೂದಿ ಹಾಕಿ ಉಜ್ಜಿ, ನೀರಲ್ಲಿ ಜಾಲಿಸಿ, ಬೋರಲು ಹಾಕಿ ಹೋಗೋರು.

ಈಗ ನಾನು ಕಲಿತಿರೋ ಲೆಕ್ಕದಲ್ಲಿ ನೋಡಿ. ಬೂದಿ ಜಿಡ್ಡು ತೆಗೆಯುತ್ತೆ. ಜಾಲಿಸಿದ್ದಾರೆ, ಬಟ್ಟೆಯಲ್ಲಿ ಒರೆಸಿಲ್ಲ, ಬೋರಲಾಗಿ ಗಾಳಿಗೆ ಒಣಗಿದೆ, ಒಬ್ಬರ ಬಾಯಿ ಬಿಟ್ಟು ಇನ್ನೊಬ್ಬರ ಬಾಯಿ ತಾಗಿಲ್ಲ. ಮನೆ ಒಳಗೆ ನೀರಿನ ಕೊಳಗದ ಮೇಲೆ ಒಂದು ಲೋಟ ಇರ್ತಿತ್ತು. ಹತ್ತು ಜನ ಅದರಲ್ಲೇ ಕುಡಿಯೋರು. ಎತ್ತಿ ಕುಡಿಯೋರು ದೊಡ್ಡವರು ಮಾತ್ರ, ನಾವು ಮಕ್ಕಳೆಲ್ಲ ಕಚ್ಚಿ ಕುಡಿಯೋರೇ. ಕ್ರಂಬೈನ್ ಡಾಕ್ಟರ್ ಬಂದಿದ್ರೆ ಒಳಗಿನ ಲೋಟವನ್ನ ಎಸೆದು, ಗೂಡಿನ ಲೋಟಕ್ಕೆ ಸೈ ಅಂತಿದ್ರು.

ಕಾನೂನು ಇರಲಿಲ್ಲ ಅಂತಲ್ಲ. ಅಸ್ಪೃಶ್ಯತೆ ನಿಷೇಧ ಸಂವಿಧಾನದ 17ನೇ ವಿಧಿಯಲ್ಲೇ ಇದೆ. 1955ರ ಕಾಯ್ದೆಯಲ್ಲಿ ಹೋಟೆಲ್‌ಗಳ ಪಾತ್ರೆ ಬಳಸೋದಕ್ಕೆ ಅಡ್ಡಿ ಮಾಡಿದ್ರೆ ಶಿಕ್ಷೆ ಅಂತ ಸ್ಪಷ್ಟವಾಗಿ ಬರೆದಿದೆ. ಅಂದ್ರೆ ಲೋಟದ ವಿಷಯವನ್ನ ಪಾರ್ಲಿಮೆಂಟಿನಲ್ಲಿ ಕೂತು ಬರೀಬೇಕಾಯ್ತು. ಎರಡು ಲೋಟ ಪದ್ಧತಿ ಅಂತ ನೀವು ಕೇಳಿರ್ತೀರಿ, ಟೀ ಅಂಗಡಿಗಳಲ್ಲಿ ಒಬ್ಬರಿಗೆ ಒಂದು ಥರ ಲೋಟ, ಇನ್ನೊಬ್ಬರಿಗೆ ಬೇರೆ. ಅದರ ಮೇಲೆ ಕಣ್ಣು ಬಿದ್ದ ಮೇಲೆ ದಕ್ಷಿಣ ಭಾರತದ ಕೆಲವು ಅಂಗಡಿಗಳಲ್ಲಿ ದಲಿತರಿಗೆ ಬಿಸಾಡೋ ಕಪ್ ಕೊಡ್ತಾರೆ ಅಂತ ಪತ್ರಿಕೆಗಳಲ್ಲಿ ವರದಿ ಬಂದಿದೆ. ಹ್ಯೂ ಮೂರ್ ಮಾಡಿದ ಕಪ್ಪು ಎಲ್ಲಿಗೆ ಬಂತು ನೋಡಿ.

ಹೋದ ವರ್ಷ ಅಜ್ಜಿಯನ್ನ ಕೇಳಿದೆ, ಯಾಕಜ್ಜಿ ಹಂಗೆ ಮಾಡ್ತಿದ್ರಿ ಅಂತ. "ಆಗ ಹಂಗಿತ್ತು ಕಣಪ್ಪ" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ಅವಳು ನಮ್ಮನೆ ಲೋಟಕ್ಕಿಂತ ಚೆನ್ನಾಗಿ ತೊಳೆಯೋಳು" ಅಂತ ಅವರಾಗೇ ಹೇಳಿದ್ರು. ನಾನು ಮತ್ತೆ ಏನೂ ಕೇಳಲಿಲ್ಲ. ಕೇಳಬೇಕಿತ್ತು ಅಂತ ಈಗ ಅನ್ನಿಸುತ್ತೆ.

ಸರಿ, ವಾಪಸ್ ಗ್ಲಾಸಿಗೆ. ಮೆಸೇಜ್ ಮಾಡಿ ಕೇಳಿದೋರು ತುಂಬಾ ಜನ ಇದ್ದೀರಿ, ಮನೆಯಲ್ಲಿ ಹೆಂಗೆ ತೊಳೆಯೋದು ಅಂತ. ಅಮೆರಿಕದ ಬಾರ್‌ಗಳಲ್ಲಿ ಮೂರು ತೊಟ್ಟಿ ಇರುತ್ತೆ. ಒಂದರಲ್ಲಿ ತೊಳೆಯೋದು, ಇನ್ನೊಂದರಲ್ಲಿ ಜಾಲಿಸೋದು, ಮೂರನೇದರಲ್ಲಿ ಸ್ಯಾನಿಟೈಸ್ ಮಾಡೋದು. ಈ ಆರ್ಡರ್ ಮುಖ್ಯ. ಕ್ಲೋರಿನ್‌ಗೆ ಕೊಳೆ ಸಿಕ್ಕಿದ್ರೆ ಅದರ ಜೊತೆಯೇ ಗುದ್ದಾಡಿ ಖಾಲಿಯಾಗುತ್ತೆ, ಬ್ಯಾಕ್ಟೀರಿಯಾ ಆರಾಮಾಗಿರುತ್ತೆ. ಕೊಳೆ ಗ್ಲಾಸ್ ಸ್ಯಾನಿಟೈಸ್ ಮಾಡೋದು ಅಂದ್ರೆ ಸ್ನಾನ ಮಾಡದೆ ಸೆಂಟ್ ಹೊಡ್ಕೊಂಡ ಹಾಗೆ.

ಬಿಯರ್ ಗ್ಲಾಸಿಗೆ ಬೇರೆ ಸ್ಪಂಜ್ ಇಡಿ, ಬುರ್ಜಿ ಬಾಣಲೆ ಹತ್ತಿರ ಸುಳಿಯದೇ ಇರೋದು. ಉಗುರುಬೆಚ್ಚಗಿನ ನೀರು, ಒಂದೆರಡು ಹನಿ ಲಿಕ್ವಿಡ್, ಅಂಚನ್ನ ಚೆನ್ನಾಗಿ ಉಜ್ಜಿ. ಜಾರೋದು ಪೂರ್ತಿ ಹೋಗೋವರೆಗೆ ಜಾಲಿಸಿ. ಬಿಳಿ ಕಲೆ ಇದ್ರೆ ಅದು ಗಡಸು ನೀರಿಂದು, ನಿಂಬೆಹಣ್ಣೋ ವಿನೆಗರೋ ಹಚ್ಚಿದ್ರೆ ಬಿಡುತ್ತೆ. ನಾವು ನಾವೇ ಕುಡಿಯೋ ಮನೆಯಲ್ಲಿ ಇಷ್ಟು ಸಾಕು, ದಿನಾ ಸ್ಯಾನಿಟೈಸರ್ ಬೇಕಾಗಿಲ್ಲ. ಯಾರಿಗಾದ್ರೂ ಹುಷಾರಿಲ್ಲ, ಅಥವಾ ಇಪ್ಪತ್ತು ಜನ ಪಾರ್ಟಿಗೆ ಬಂದಿದ್ರು ಅಂದ್ರೆ, ತೊಳೆದು ಜಾಲಿಸಿದ ಮೇಲೆ ನಾಲ್ಕು ಲೀಟರ್ ನೀರಿಗೆ ಒಂದು ಟೀ ಚಮಚ ಸುವಾಸನೆ ಇಲ್ಲದ ಬ್ಲೀಚ್, ಲೇಬಲ್ ಮೇಲೆ ಸೋಡಿಯಂ ಹೈಪೋಕ್ಲೋರೈಟ್ ಶೇ. 5 ಅಂತ ಇರೋದು. ಒಂದು ನಿಮಿಷ ಮುಳುಗಿಸಿ ತೆಗೀರಿ. ವಿನೆಗರ್, ನಿಂಬೆ, ಬಾತ್‌ರೂಮ್ ಆ್ಯಸಿಡ್ ಯಾವುದೂ ಬ್ಲೀಚ್ ಜೊತೆ ಸೇರಿಸಬೇಡಿ, ವಿಷದ ಗಾಳಿ ಬರುತ್ತೆ, ತಮಾಷೆ ಅಲ್ಲ. ಆಮೇಲೆ ಟವಲ್ ಮೇಲೆ ಅಲ್ಲ, ಕೆಳಗೆ ಗಾಳಿ ಆಡೋ ಹಾಗೆ ಸ್ಟ್ಯಾಂಡ್ ಮೇಲೆ ಬೋರಲು ಹಾಕಿ.

ಕ್ಲೀನ್ ಆಗಿದೆಯಾ ಅಂತ ನೋಡೋಕೆ ಗ್ಲಾಸ್ ಒದ್ದೆ ಮಾಡಿ ಒಳಗೆ ಉಪ್ಪು ಉದುರಿಸಿ. ಎಲ್ಲ ಕಡೆ ಒಂದೇ ಸಮ ಅಂಟಿದ್ರೆ ಪಾಸ್. ಖಾಲಿ ಜಾಗ ಬಿಟ್ಟಿದ್ರೆ ಅಲ್ಲಿ ಜಿಡ್ಡಿದೆ. ನಮ್ಮ ರೂಮಿನ ಮಗ್ ಮೊದಲನೇ ಸಲ ಫೇಲ್, ಎರಡನೇ ಸಲವೂ ಫೇಲ್. ಮೂರನೇ ಸಲ ಪಾಸ್ ಆಯ್ತು. ಆ ಶನಿವಾರ ಒಂದೊಂದು ಗುಟುಕಿಗೂ ಗ್ಲಾಸ್ ಒಳಗೆ ನೊರೆಯ ಒಂದೊಂದು ಉಂಗುರ ಉಳೀತಾ ಬಂತು. ಅಂಗಡಿಯವನಿಗೆ ಬೈದಿದ್ದ ಫ್ರೆಂಡ್ ಸುಮ್ಮನೆ ಎಣಿಸ್ತಾ ಕೂತಿದ್ದ.