ಕಲಿತು ಮರೆತ ವಿದ್ಯೆಗಳು: ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ಲೆಕ್ಕ ಮತ್ತು ಲಿಪಿ

ಒಂದು ವಿದ್ಯೆ ಯಾವಾಗ ಅಳಿಯಿತೆಂದು ನಿರ್ಣಯಿಸುವಾಗ, ಅದನ್ನು ಬಲ್ಲ ಕೊನೆಯ ವ್ಯಕ್ತಿಯ ಮರಣವನ್ನೇ ಗಡಿಯೆಂದು ಭಾವಿಸುವುದು ವಾಡಿಕೆ. ಆದರೆ ಬಲ್ಲವನು ಬದುಕಿರುವಾಗಲೇ ವಿದ್ಯೆ ಅವನನ್ನು ಬಿಟ್ಟುಹೋಗಿರುವುದು ಅಪೂರ್ವವಲ್ಲ. ಬಾಲ್ಯದಲ್ಲಿ ಬಾಯಿಪಾಠವಾಗಿದ್ದುದು ವೃದ್ಧಾಪ್ಯದಲ್ಲಿ ನಾಲಗೆಗೆ ಬಾರದು. ಈ ಮರೆವನ್ನು ವಯೋಧರ್ಮವೆಂದು ತಳ್ಳಿಬಿಡುವುದು ಸುಲಭ. ಪ್ರಕೃತ ಲೇಖನದಲ್ಲಿ ನಾವು ಅದಕ್ಕೂ ಇತಿಹಾಸವುಂಟೆಂದೂ, ಅನೇಕ ಸಂದರ್ಭಗಳಲ್ಲಿ ಅದಕ್ಕೆ ಇಸವಿಯನ್ನು ಸಹ ಹೇಳಬಹುದೆಂದೂ ತೋರಿಸಲು ಯತ್ನಿಸುತ್ತೇವೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳು ತುಂಗಾ ಭದ್ರಾ ನದಿಗಳ ಮೇಲಣ ಕಣಿವೆಗಳಲ್ಲಿರುವ ಅಡಿಕೆ ಬತ್ತಗಳ ಸೀಮೆ. ಶೃಂಗೇರಿ, ಹರಿಹರಪುರ, ಬಾಳೆಹೊನ್ನೂರು ಈ ಮೂರೂ ಕಡೆ ಮಠಗಳಿದ್ದು, ಓದುಬರಹ ಲೆಕ್ಕಪತ್ರಗಳು ಇಲ್ಲಿ ಹಿಂದಿನಿಂದಲೂ ನಡೆದುಬಂದಿವೆ. ಸರಕಾರಿ ಶಾಲೆಗಳು ಹಳ್ಳಿಹಳ್ಳಿಗೆ ಬರುವ ಮೊದಲು ಅನುಕೂಲವಂತರ ಮನೆಗಳಲ್ಲಿ ಐಗಳನ್ನು ಇರಿಸಿಕೊಂಡು ಮಕ್ಕಳಿಗೆ ಪಾಠ ಹೇಳಿಸುವ ಪದ್ಧತಿ ಮಲೆನಾಡಿನಲ್ಲಿತ್ತು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಜನಿಸಿ ನೆರೆಯ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಬೆಳೆದ ಕುವೆಂಪು ಅವರ ಮೊದಲ ವಿದ್ಯಾಭ್ಯಾಸವೂ ದಕ್ಷಿಣ ಕನ್ನಡದಿಂದ ಬಂದ ಉಪಾಧ್ಯಾಯರಿಂದ ಮನೆಯಲ್ಲಿಯೇ ನಡೆಯಿತು. ಇಂಥ ಶಿಕ್ಷಣದಲ್ಲಿ ಅಕ್ಷರದಷ್ಟೇ ಮುಖ್ಯವಾದುದು ಮಗ್ಗಿ. ಪೂರ್ಣಸಂಖ್ಯೆಗಳ ಮಗ್ಗಿಯೊಂದೇ ಅಲ್ಲ. ಕಾಲು, ಅರೆ, ಮುಕ್ಕಾಲು, ಒಂದೂಕಾಲು, ಒಂದೂವರೆ ಇವುಗಳ ಮಗ್ಗಿಗಳೂ ಬಾಯಿಪಾಠವಾಗಬೇಕಾಗಿತ್ತು.

ಇದಕ್ಕೆ ಕಾರಣ ನಾಣ್ಯವ್ಯವಸ್ಥೆಯಲ್ಲಿದೆ. ಕರ್ಣಾಟಕದ ಹಳೆಯ ಲೆಕ್ಕದಲ್ಲಿ ಹಣದ ನಾಲ್ಕನೆಯ ಒಂದು ಭಾಗ ಹಾಗ, ಹದಿನಾರನೆಯ ಒಂದು ಭಾಗ ವೀಸ. ಕೆಳದಿಯ ಶಿವಪ್ಪನಾಯಕನು (1645–1660) ನೆಲದ ಗುಣವನ್ನು ನೋಡಿ ಕಂದಾಯವನ್ನು ಗೊತ್ತುಮಾಡಿದ ‘ಶಿಸ್ತು’ ನಡೆದುದು ಇಂಥ ಲೆಕ್ಕದ ಮೇಲೆಯೇ. ಎರಡು ಹಣ, ಮೂರು ಹಾಗ, ಒಂದು ವೀಸ ಎಂದರೆ ನಾವು ಕಾಗದದ ಮೇಲೆ ಎರಡೂ ಹದಿಮೂರು ಹದಿನಾರಾಂಶವೆಂದು ಕೂಡಿಸಬೇಕು. ಮಗ್ಗಿ ಬಂದ ಹುಡುಗನಿಗೆ ಅದು ಬಾಯಿಲೆಕ್ಕ. 1763ರಲ್ಲಿ ಬಿದನೂರು ಹೈದರನ ಕೈಸೇರಿತು. ಮುಂದೆ ಹತ್ತೊಂಬತ್ತನೆಯ ಶತಮಾನದಲ್ಲಿ ವರಹ ಹಣಗಳ ಸ್ಥಾನಕ್ಕೆ ರೂಪಾಯಿ ಬಂದಿತು. ಆದರೆ ರೂಪಾಯಿಗೂ 16 ಆಣೆ. ನಾಲ್ಕು, ಹದಿನಾರು ಎಂಬ ಭಾಗಕ್ರಮ ಹಾಗೆಯೇ ಉಳಿದುದರಿಂದ ಹಳೆಯ ಮಗ್ಗಿಯೇ ಹೊಸ ನಾಣ್ಯಕ್ಕೂ ಸಲ್ಲುತ್ತಿತ್ತು. ಸೇರಿಗೆ ಎಷ್ಟು ಆಣೆಯೋ ಹದಿನಾರು ಸೇರಿಗೆ ಅಷ್ಟೇ ರೂಪಾಯಿ ಎಂಬ ಬಗೆಯ ಸೂತ್ರಗಳು ಅಂಗಡಿಯಲ್ಲಿ ದಿನನಿತ್ಯ ಉಪಯೋಗವಾಗುತ್ತಿದ್ದವು. ಅರಸು ಬದಲಾದರೂ, ನಾಣ್ಯ ಬದಲಾದರೂ ಈ ವಿದ್ಯೆ ಅಳಿಯಲಿಲ್ಲವೆಂಬುದು ಗಮನಾರ್ಹ.

ಅದು ಅಳಿದುದು ಭಾಗಕ್ರಮವೇ ಬದಲಾದಾಗ. 1957ರ ಏಪ್ರಿಲ್ 1ರಂದು ರೂಪಾಯಿ ನೂರು ನಯೇಪೈಸೆಗಳಾಯಿತು. 1958ರ ಅಕ್ಟೋಬರಿನಿಂದ ಮೆಟ್ರಿಕ್ ತೂಕ ಅಳತೆಗಳು ಹಂತಹಂತವಾಗಿ ಜಾರಿಗೆ ಬಂದು ಕೆಲವೇ ವರ್ಷಗಳಲ್ಲಿ ಕಡ್ಡಾಯವಾದುವು. ಆಣೆಯು ಆರೂಕಾಲು ನಯೇಪೈಸೆಯಾದಾಗ ಹದಿನಾರರ ಸೂತ್ರಗಳಿಗೆ ವ್ಯವಹಾರದಲ್ಲಿ ಎಡೆಯಿಲ್ಲದಂತಾಯಿತು. ಅಂದು ಹತ್ತು ವರ್ಷದ ಬಾಲಕರಾಗಿದ್ದವರು ಇಂದು ಎಂಬತ್ತರ ಆಸುಪಾಸಿನವರು. ಅವರಲ್ಲಿ ಯಾರಾದರೂ ಮುಕ್ಕಾಲರ ಮಗ್ಗಿಯನ್ನು ಹೇಳಲಾರದೆ ಹೋದರೆ ಆ ಮರೆವು ಎಂಬತ್ತನೆಯ ವರ್ಷದಲ್ಲಿ ಸಂಭವಿಸಿದುದಲ್ಲ. ಅವರ ಯೌವನದಲ್ಲಿಯೇ ಮುಗಿದುಹೋದುದು.

ಈ ಮಾತಿಗೆ ಮನಶ್ಶಾಸ್ತ್ರದ ಆಧಾರವೂ ಉಂಟು. ಅಮೆರಿಕದ ಹ್ಯಾರಿ ಬಾರಿಕ್ ಎಂಬ ವಿದ್ವಾಂಸರು ಶಾಲೆಯಲ್ಲಿ ಸ್ಪ್ಯಾನಿಷ್ ಕಲಿತವರನ್ನು, ಐವತ್ತು ವರ್ಷಗಳ ಹಿಂದೆ ಕಲಿತವರವರೆಗೂ, ಪರೀಕ್ಷಿಸಿ 1984ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಬಿಟ್ಟ ಮೊದಲ ಮೂರರಿಂದ ಆರು ವರ್ಷಗಳಲ್ಲಿ ಬಹುಭಾಗ ಮರೆತುಹೋಗುತ್ತದೆ. ಅಷ್ಟರಲ್ಲಿ ಅಳಿಯದೆ ಉಳಿದುದು ಹೆಚ್ಚುಕಡಮೆ ಮೂವತ್ತು ವರ್ಷಗಳವರೆಗೆ ಕದಲುವುದಿಲ್ಲ. ಚೆನ್ನಾಗಿ ಕಲಿತವರಲ್ಲಿ ಉಳಿದ ಭಾಗವೂ ಹೆಚ್ಚು. ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲಿಯೇ ತೋರಿಸಿದ್ದ ಇನ್ನೊಂದು ಸಂಗತಿಯೂ ಇಲ್ಲಿ ಸ್ಮರಣೀಯ: ಮರೆತುಹೋಯಿತೆಂದು ತೋರುವುದನ್ನು ಮತ್ತೆ ಕಲಿಯಲು ಮೊದಲಿನಷ್ಟು ಶ್ರಮ ಬೇಕಾಗುವುದಿಲ್ಲ. ಹೀಗೆ ಮರೆವಿಗೆ ಮುಖ್ಯ ಕಾರಣ ಮುಪ್ಪಲ್ಲ, ಬಳಕೆಯ ಲೋಪ. ಇದಕ್ಕೆ ನಮ್ಮ ಅಡುಗೆಮನೆಗಳೇ ಸಾಕ್ಷಿ. ಅಂಗಡಿಯಲ್ಲಿ ಸೇರು ಹೋಗಿ ಕಿಲೋಗ್ರಾಂ ಬಂದರೂ, ಕಾಯಿದೆ ಪ್ರವೇಶಿಸದ ಅಡುಗೆಮನೆಯಲ್ಲಿ ಪಾವು ಇಂದಿಗೂ ಉಳಿದಿದೆ.

ಲಿಪಿಯ ವಿಷಯದಲ್ಲಿ ಮರೆವು ಇನ್ನೂ ನಿಧಾನವಾಗಿ ಬಂದಿತು. ಕರಾವಳಿ ಮತ್ತು ಮಲೆನಾಡಿನ ವೈದಿಕ ಮನೆತನಗಳಲ್ಲಿ ಸಂಸ್ಕೃತವನ್ನು ತಿಗಳಾರಿ ಲಿಪಿಯಲ್ಲಿ ಓಲೆಗರಿಗಳ ಮೇಲೆ ಬರೆಯುತ್ತಿದ್ದರು. ಸಂಸ್ಕೃತ ಗ್ರಂಥಗಳು ನಾಗರಿಯಲ್ಲಿಯೂ ಕನ್ನಡ ಅಕ್ಷರದಲ್ಲಿಯೂ ಅಚ್ಚಾಗಿ ಕೈಗೆ ಸಿಗತೊಡಗಿದಂತೆ ತಿಗಳಾರಿಯನ್ನು ಓದುವ ಅಗತ್ಯ ಕಡಮೆಯಾಯಿತು. ಪಾಠ ಅಚ್ಚಿನ ಪುಸ್ತಕದಿಂದ, ಪೂಜೆ ಓಲೆಯ ಕಟ್ಟಿಗೆ ಎಂಬಂತಾಯಿತು. ಲೆಕ್ಕಪತ್ರಗಳಿಗಾದರೋ ಕಡತಗಳಿದ್ದುವು. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಲಿನ ಪುಡಿ ಸೇರಿಸಿ ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಸಿ, ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. ಕಾಲುಭಾಗಗಳಿಗೆ ಅಂಕಿಯ ಪಕ್ಕದಲ್ಲಿ ನಿಲುಗೆರೆ ಹಾಕುವ ರೂಢಿ. ಒಂದು ಗೆರೆ ಮಾಸಿದರೆ ಮೊತ್ತವೇ ಬೇರೆ.

ಇವೆಲ್ಲ ಮರೆತುಹೋದರೆ ಇತಿಹಾಸಕ್ಕೇನು ನಷ್ಟ? ಒಂದು ಉದಾಹರಣೆ ಸಾಕು. ಮೈಸೂರು ಸೀಮೆಯ ಕಚ್ಚಾ ಸೇರು 24 ರೂಪಾಯಿ ತೂಕ. ಬ್ರಿಟಿಷ್ ಸರಕಾರದ ಪಕ್ಕಾ ಸೇರು 80 ರೂಪಾಯಿ ತೂಕ, ಅಂದರೆ 80 ತೊಲೆ. ಎರಡರಲ್ಲಿಯೂ ಮಣಕ್ಕೆ 40 ಸೇರು. ಆದಕಾರಣ ಹಳೆಯ ಕಡತದಲ್ಲಿ ‘ಅಡಿಕೆ ಹತ್ತು ಮಣ’ ಎಂದಿದ್ದರೆ ಅದು ಸುಮಾರು 112 ಕಿಲೋಗ್ರಾಂ ಆಗಬಹುದು, ಸುಮಾರು 373 ಕಿಲೋಗ್ರಾಂ ಆಗಬಹುದು. ಬರೆದವನಿಗೆ ಸಂದೇಹವಿರಲಿಲ್ಲವಾದ್ದರಿಂದ ಅವನು ಯಾವ ಮಣವೆಂದು ಬರೆಯಲಿಲ್ಲ. ಇದನ್ನು ತಪ್ಪಾಗಿ ಹಿಡಿದರೆ ಒಂದು ಮನೆತನದ ಆದಾಯವನ್ನು ಮೂರುಪಟ್ಟಿಗಿಂತಲೂ ಮಿಗಿಲಾಗಿ ಹಿಗ್ಗಿಸಿಯೋ ಕುಗ್ಗಿಸಿಯೋ ಬರೆದಂತಾಗುತ್ತದೆ. ಊರಿನ ಹೆಸರೂ ಇದೇ ತೆರನಾದುದು: ಇಂದಿನ ನರಸಿಂಹರಾಜಪುರವು 1915ರವರೆಗೆ ಎಡೇಹಳ್ಳಿ, ಆ ಹೆಸರನ್ನರಿಯದವನು ಅದಕ್ಕಿಂತ ಹಿಂದಿನ ಕಾಗದದಲ್ಲಿ ಈ ಊರನ್ನೇ ಕಾಣಲಾರ.

ದೊಡ್ಡ ಭಂಡಾರಗಳಿಗೆ ರಕ್ಷಣೆಯುಂಟು. ಟಿಪ್ಪು ಸುಲ್ತಾನನು ಶೃಂಗೇರಿಯ ಗುರುಗಳಿಗೆ ಕನ್ನಡದಲ್ಲಿ ಬರೆಯಿಸಿದ ಪತ್ರಗಳನ್ನು 1916ರಲ್ಲಿ ಆರ್. ನರಸಿಂಹಾಚಾರ್ಯರು ಮಠದಲ್ಲಿ ಕಂಡು ಬೆಳಕಿಗೆ ತಂದರು. ಮಠದ ಕಡತಗಳನ್ನು ಎ. ಕೆ. ಶಾಸ್ತ್ರಿಯವರು ಓದಿ ಸಂಪಾದಿಸಿದ್ದಾರೆ. ತಿಗಳಾರಿ ಅಕ್ಷರಗಳಿಗೆ 2024ರಲ್ಲಿ ಯೂನಿಕೋಡಿನಲ್ಲಿಯೂ ಸ್ಥಾನ ದೊರೆತಿದೆ. ಆದರೆ ಖಾಸಗಿ ಮನೆಗಳ ಅಟ್ಟದ ಮೇಲಿನ ಲೆಕ್ಕಪತ್ರಗಳಿಗೆ ಇಂಥ ಓದುಗರು ದೊರೆಯುವುದು ಕಷ್ಟ. ಅವುಗಳ ಸಂಕೇತಗಳನ್ನು ಬಿಡಿಸುವ ಕೀಲಿ ಆಯಾ ಊರಿನ ಹಿರಿಯರಲ್ಲಿದೆ.

ಆದುದರಿಂದ ಕ್ಷೇತ್ರಕಾರ್ಯ ಮಾಡುವ ವಿದ್ಯಾರ್ಥಿಗಳಿಗೆ ನಾವು ಎರಡು ಮಾತುಗಳನ್ನು ಸೂಚಿಸಬಯಸುತ್ತೇವೆ. ಮೊದಲನೆಯದಾಗಿ, ಅತಿ ವೃದ್ಧರನ್ನೇ ಅರಸದೆ, ಕಲಿತುದನ್ನು ಬಹುಕಾಲ ಬಳಸಿದವರನ್ನು ಅರಸಬೇಕು. ಮೂರು ವರ್ಷ ಮಗ್ಗಿ ಹೇಳಿ ಊರು ಬಿಟ್ಟವರಿಗಿಂತ ಅಡಿಕೆ ವ್ಯಾಪಾರದಲ್ಲಿ ಬೆಳೆದವರು, ಕೊಳಗದಲ್ಲಿ ಬತ್ತ ಅಳೆದ ಹೆಂಗಸರು ಹೆಚ್ಚು ಬಲ್ಲರು. ಎರಡನೆಯದಾಗಿ, ‘ಏನು ನೆನಪಿದೆ’ ಎಂದು ಬರಿಗೈಯಲ್ಲಿ ಕೇಳಬಾರದು. ಕೊಳಗವನ್ನು ಮುಂದಿಡಬೇಕು, ಹಳೆಯ ಲೆಕ್ಕದ ಹಾಳೆಯನ್ನು ಕೈಗೆ ಕೊಡಬೇಕು, ಮಗ್ಗಿಯ ಮೊದಲ ಸಾಲನ್ನು ನಾವೇ ಹೇಳಿ ಮುಂದಿನದಕ್ಕೆ ಕಾಯಬೇಕು. ಮರೆತವರೆಲ್ಲ ಕಳೆದುಕೊಂಡವರಲ್ಲ. ಕಲಿತವರು ನಮ್ಮೊಡನಿರುವಷ್ಟು ಕಾಲ ಮರೆತ ವಿದ್ಯೆಯನ್ನು ಮರಳಿ ಕಲಿಯಲು ಸಾಧ್ಯವುಂಟು. ಆ ಕಾಲಾವಧಿ ಇನ್ನು ಬಹಳವಿಲ್ಲ.