ನಕಲು ಯಾರ ಕೈಯಲ್ಲಿದೆ? ಹ್ಯಾಮಿಲ್ಟನ್‌ನಿಂದ ಇಂದಿನ ಸಿಡಿಎನ್‌ವರೆಗೆ

ನ್ಯೂಜಿಲೆಂಡಿಗೆ ಇಂಟರ್ನೆಟ್ ಬಂದದ್ದು 1989ರ ಏಪ್ರಿಲ್‌ನಲ್ಲಿ, ಹ್ಯಾಮಿಲ್ಟನ್‌ನ ವೈಕಾಟೊ ವಿಶ್ವವಿದ್ಯಾಲಯದ ಮೂಲಕ. ಅಲ್ಲಿನ ಜಾನ್ ಹೌಲ್ಕರ್ ಮತ್ತು ಸಂಗಡಿಗರು ಅದನ್ನು ಹವಾಯಿ ವಿಶ್ವವಿದ್ಯಾಲಯಕ್ಕೆ ಜೋಡಿಸಿದರು. ವೇಗ ಸೆಕೆಂಡಿಗೆ 9,600 ಬಿಟ್. ಇಡೀ ಲೈನು ಒಬ್ಬರಿಗೇ ಸಿಕ್ಕರೂ ಒಂದು ಮೆಗಾಬೈಟ್ ಇಳಿಯಲು ಸುಮಾರು 14 ನಿಮಿಷ ಬೇಕಿತ್ತು.

ವೈಕಾಟೊ ನಡೆಸುತ್ತಿದ್ದ 'ಎನ್‌ಜೆಡ್‌ಗೇಟ್' 1996ರವರೆಗೆ ದೇಶದ ಹೆಬ್ಬಾಗಿಲಾಗಿತ್ತು. ಸಾಗರದಾಚೆಯ ಸಂಪರ್ಕದ ಖರ್ಚನ್ನು, ಯಾರು ಎಷ್ಟು ಡೇಟಾ ಬಳಸಿದರೋ ಅಷ್ಟಕ್ಕೆ ತಕ್ಕಂತೆ ಹಂಚುವ ಪದ್ಧತಿ ಅಲ್ಲಿ ಬೆಳೆಯಿತು. ಹತ್ತು ಜನ ಒಂದೇ ಪುಟ ತೆರೆದರೆ ಹತ್ತು ಸಲ ಹಣ ತೆರಬೇಕು. ಮೊದಲ ಸಲ ಬಂದ ಪುಟದ ನಕಲನ್ನು ಇಲ್ಲೇ ಇಟ್ಟುಕೊಂಡರೆ ಉಳಿದ ಒಂಬತ್ತು ಸಲದ ಖರ್ಚು ಉಳಿಯುತ್ತದೆ. ಹೀಗೆ ನಕಲು ಕಾದಿಡುವ ಕ್ಯಾಶ್ ಸರ್ವರ್ ಅಲ್ಲಿ ಅನಿವಾರ್ಯವಾಯಿತು. ಅಮೆರಿಕದ ಹಾರ್ವೆಸ್ಟ್ ಯೋಜನೆಯ ಕ್ಯಾಶ್ ತಂತ್ರಾಂಶ ನ್ಯೂಜಿಲೆಂಡಿನಲ್ಲಿ ಬಳಕೆಯಾದ ಬಗೆಯನ್ನು ವೈಕಾಟೊದ ಡೊನಾಲ್ಡ್ ನೀಲ್ 1996ರಲ್ಲಿ ಪ್ರಬಂಧವಾಗಿ ದಾಖಲಿಸಿದರು. ಹಾರ್ವೆಸ್ಟ್‌ನ ವಿನ್ಯಾಸದಲ್ಲಿ ಒಂದು ಕ್ಯಾಶ್‌ನಲ್ಲಿ ಇಲ್ಲದ ಪುಟವನ್ನು ನೆರೆಯ ಕ್ಯಾಶ್‌ನಲ್ಲಿ ಕೇಳಬಹುದು. ಅಲ್ಲೂ ಸಿಗದಿದ್ದರೆ ಮಾತ್ರ ಮೂಲ ಸರ್ವರಿಗೆ ಹೋಗಬೇಕು. ಅದೇ ಯೋಜನೆಯಿಂದ ಕವಲೊಡೆದ 'ಸ್ಕ್ವಿಡ್' ಇಂದಿಗೂ ಬಳಕೆಯಲ್ಲಿದೆ.

ಈ ನಕಲುಗಳೆಲ್ಲ ಓದುಗರ ಕಡೆಯವು. ಅವನ್ನು ಇಟ್ಟುಕೊಂಡದ್ದು ವಿಶ್ವವಿದ್ಯಾಲಯಗಳು ಮತ್ತು ಇಂಟರ್ನೆಟ್ ಪೂರೈಕೆದಾರರು. 1998ರಲ್ಲಿ ಹುಟ್ಟಿದ ಅಕಮಾಯ್ ಎಂಬ ಸಿಡಿಎನ್ (ಕಂಟೆಂಟ್ ಡೆಲಿವರಿ ನೆಟ್‌ವರ್ಕ್, ಅಂದರೆ ನಕಲು ಹಂಚುವ ಜಾಲ) ಕಂಪನಿ ಈ ಲೆಕ್ಕಾಚಾರವನ್ನೇ ತಿರುಗಿಸಿತು: ಹಣ ಕೊಡುವವರು ಜಾಲತಾಣದವರು, ನಕಲು ಎಲ್ಲಿರಬೇಕೆಂದು ನಿರ್ಧರಿಸುವುದೂ ಅವರ ಪರವಾಗಿ ದುಡಿಯುವ ಕಂಪನಿಯೇ. ಅದಕ್ಕೆ ತಳಹದಿಯಾದದ್ದು ಎಂಐಟಿಯ ಟಾಮ್ ಲೇಟನ್, ಡೇನಿಯಲ್ ಲೆವಿನ್ ಮೊದಲಾದವರು 1997ರಲ್ಲಿ ಪ್ರಕಟಿಸಿದ 'ಕನ್ಸಿಸ್ಟೆಂಟ್ ಹ್ಯಾಶಿಂಗ್'. ಸರ್ವರ್‌ಗಳನ್ನೂ ಕಡತಗಳನ್ನೂ ಒಂದೇ ವೃತ್ತದ ಮೇಲೆ ಹಂಚಿದಂತೆ ಲೆಕ್ಕ ಹಾಕಿ, ಪ್ರತಿ ಕಡತವನ್ನು ಅದರ ಮುಂದಿನ ಸರ್ವರಿಗೆ ಒಪ್ಪಿಸುವ ವಿಧಾನವಿದು. ಒಂದು ಸರ್ವರ್ ಕೆಟ್ಟರೆ ಅದರ ಪಾಲಿನ ಕಡತಗಳಷ್ಟೇ ಜಾಗ ಬದಲಿಸುತ್ತವೆ, ಉಳಿದವು ಅಲುಗುವುದಿಲ್ಲ. ಸಾವಿರಾರು ಸರ್ವರ್‌ಗಳ ಜಾಲ ಸಾಧ್ಯವಾದದ್ದು ಇದರಿಂದ.

2000ದಲ್ಲಿ ಸದರ್ನ್ ಕ್ರಾಸ್ ಸಾಗರ ಕೇಬಲ್ ಬಂದು ನ್ಯೂಜಿಲೆಂಡಿನ ಬ್ಯಾಂಡ್‌ವಿಡ್ತ್ ಬರ ನೀಗಿತು. ಆದರೆ ದೂರ ಕರಗಲಿಲ್ಲ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ, ಆಕ್ಲೆಂಡಿನಿಂದ ಲಾಸ್ ಏಂಜಲೀಸ್‌ಗೆ ಹೋಗಿಬರಲು ಸೆಕೆಂಡಿನ ಹತ್ತನೇ ಒಂದು ಭಾಗವಾದರೂ ಬೇಕು. ಒಂದು ಪುಟ ತೆರೆಯಲು ಇಂಥ ಹಲವು ಓಡಾಟ ಆಗುವುದರಿಂದ ನಕಲು ಹತ್ತಿರವಿರುವುದೇ ದಾರಿ. 2012ರಲ್ಲಿ ನೆಟ್‌ಫ್ಲಿಕ್ಸ್ 'ಓಪನ್ ಕನೆಕ್ಟ್' ಆರಂಭಿಸಿ ತನ್ನದೇ ಸರ್ವರ್‌ಗಳನ್ನು ಪೂರೈಕೆದಾರರ ಅಂಗಳಕ್ಕೇ ತಂದಿಟ್ಟಿತು. ದಟ್ಟಣೆ ಕಡಿಮೆಯಿರುವ ಹೊತ್ತಿನಲ್ಲಿ ಅವು ಹೊಸ ಚಿತ್ರಗಳನ್ನು ತುಂಬಿಸಿಕೊಳ್ಳುತ್ತವೆ.

ಎಚ್‌ಟಿಟಿಪಿಎಸ್ ಗೂಢಲಿಪೀಕರಣ ವ್ಯಾಪಕವಾದ ಮೇಲೆ, ನಡುವಿನ ಸರ್ವರ್‌ಗಳಿಗೆ ಪುಟ ಕಾಣದಂತಾಗಿ, ಹಳೆಯ ಓದುಗರ ಕಡೆಯ ಕ್ಯಾಶ್‌ಗಳು ಬಹುಮಟ್ಟಿಗೆ ಕುರುಡಾದವು. ಖಾಸಗಿತನಕ್ಕೆ ಅದು ದೊಡ್ಡ ಲಾಭ. ಆದರೆ ನಕಲಿನ ಹಿಡಿತ ಕೆಲವೇ ಕಂಪನಿಗಳ ಪಾಲಾಯಿತು. 2021ರ ಜೂನ್ 8ರಂದು ಫಾಸ್ಟ್‌ಲಿ ಎಂಬ ಒಂದು ಸಿಡಿಎನ್ ಎಡವಿದಾಗ ಬ್ರಿಟನ್ ಸರ್ಕಾರದ ತಾಣವೂ ಸೇರಿ ಎಷ್ಟೋ ತಾಣಗಳು ಒಟ್ಟಿಗೇ ನಿಂತುಹೋದವು.

ಆದ್ದರಿಂದ ಗ್ರಂಥಾಲಯ, ಪಠ್ಯಪುಸ್ತಕ, ಸರ್ಕಾರಿ ದಾಖಲೆಗಳಂಥ ಸಾರ್ವಜನಿಕ ಸಾಮಗ್ರಿಯ ನಕಲುಗಳನ್ನಾದರೂ ನಮ್ಮ ವಿಶ್ವವಿದ್ಯಾಲಯಗಳು ತಮ್ಮ ಸರ್ವರ್‌ಗಳಲ್ಲಿ ಇಟ್ಟು ಹಂಚಬೇಕು. ಹ್ಯಾಮಿಲ್ಟನ್‌ನ ಒಂದು ವಿಶ್ವವಿದ್ಯಾಲಯ ದೇಶಕ್ಕೇ ಬಾಗಿಲಾಗಬಲ್ಲದಾದರೆ, ನಮ್ಮವು ಜಿಲ್ಲೆಗಳಿಗೆ ಉಗ್ರಾಣವಾಗುವುದು ಅಸಾಧ್ಯವೇನಲ್ಲ.