ಮೂರು ಜಾತಿ ಕಂಪ್ಯೂಟರು, ಒಂದೇ ಸರ್ವರು

ಮೊನ್ನೆ ಹಳೆ ಡಬ್ಬ ಖಾಲಿ ಮಾಡುವಾಗ ಒಂದು ಹಳದಿ ಕಾಗದ ಸಿಕ್ಕಿತು. ನನ್ನದೇ ಕೈಬರಹ. "256 + 50 x 30 = 1756" ಅಂತ ಬರೆದು, ಕೆಳಗೆ ಎರಡು ಗೆರೆ ಎಳೆದು, ಪಕ್ಕದಲ್ಲಿ "2 ಜಿಬಿ... ದುಡ್ಡು?" ಅಂತ ಗೀಚಿದ್ದೆ. "ಇದನ್ನ ಎಸೀಲೇನ್ರೀ?" ಅಂದಳು ನನ್ನಾಕೆ. ಬೇಡ ಅಂದೆ. ಅದರ ಹಿಂದೆ ಒಂದು ಕತೆಯಿದೆ, ಕತೆಯ ಹಿಂದೆ ಒಂದಿಷ್ಟು ಇತಿಹಾಸವಿದೆ.

2003ರಲ್ಲಿ ನಾವು ಅಮೆರಿಕದ ಆರೆಗಾನ್ ರಾಜ್ಯದಲ್ಲಿ, ಪೋರ್ಟ್‌ಲ್ಯಾಂಡ್ ಪಕ್ಕದ ಊರಲ್ಲಿದ್ದೆವು. ಹತ್ತಿರದ ಹಿಲ್ಸ್‌ಬರೋದಲ್ಲಿ ಇಂಟೆಲ್ ಇರುವುದರಿಂದ ಆ ಕಡೆ ಕನ್ನಡದವರಿಗೆ ಬರವಿಲ್ಲ. ಮಗಳ ಶಾಲೆಯ ಮೀಟಿಂಗಿನಲ್ಲಿ ಕಂಪ್ಯೂಟರ್ ಗೊತ್ತಿರುವ ಅಪ್ಪ-ಅಮ್ಮಂದಿರು ಯಾರಾದರೂ ಇದ್ದೀರಾ ಅಂತ ಕೇಳಿದರು. ಕೈ ಎತ್ತಿದೆ. ಸಿಕ್ಕಿಬಿದ್ದೆ!

ಶಾಲೆಯಲ್ಲಿದ್ದದ್ದು ಹನ್ನೆರಡು ಬಣ್ಣದ ಐಮ್ಯಾಕುಗಳು, ಆಫೀಸಿನಲ್ಲಿ ನಾಲ್ಕಾರು ವಿಂಡೋಸ್ ಮೆಷಿನ್ನುಗಳು, ಮತ್ತು ಯಾರೋ ದಾನ ಕೊಟ್ಟಿದ್ದ ಮೂವತ್ತು ಮುದಿ ಪೆಂಟಿಯಂಗಳು. ಎಲ್ಲಕ್ಕೂ ಸೇರಿಸಿ ಒಂದು ಸರ್ವರ್ ಆರಿಸಿಕೊಡಬೇಕಿತ್ತು. ಸರ್ವರ್ ಯಾಕೆ ಅಂತೀರಾ? 1998ರಲ್ಲಿ ಬಂದ ಐಮ್ಯಾಕಿಗೆ ಫ್ಲಾಪಿ ಡ್ರೈವೇ ಇರಲಿಲ್ಲ. ಪೆನ್ ಡ್ರೈವ್ ಆಗಿನ್ನೂ ದುಬಾರಿ ವಸ್ತು. ಮಗು ಬಿಡಿಸಿದ ಚಿತ್ರ ಒಂದು ಮೆಷಿನ್ನಿನಿಂದ ಇನ್ನೊಂದಕ್ಕೆ ಹೋಗಬೇಕೆಂದರೆ ತಂತಿಯ ಮೂಲಕವೇ ಹೋಗಬೇಕು.

ತೊಂದರೆ ಏನೆಂದರೆ ಇವು ಒಂದಕ್ಕೊಂದು ಮಾತಾಡುತ್ತಿರಲಿಲ್ಲ. ಆಪಲ್ 1987ರಲ್ಲಿ ಆಪಲ್‌ಶೇರ್ ತಂದಾಗ ಒಂದು ಇಡೀ ಮ್ಯಾಕನ್ನು ಅದಕ್ಕೇ ಮೀಸಲಿಡಬೇಕಿತ್ತು, ಬೇರೆ ಕೆಲಸಕ್ಕೆ ಅದು ಸಿಗುವಂತಿರಲಿಲ್ಲ. ಲೋಕಲ್‌ಟಾಕ್ ತಂತಿಯ ವೇಗ ಸೆಕೆಂಡಿಗೆ 230 ಕಿಲೋಬಿಟ್. ಅತ್ತ ಪಿಸಿಗಳ ಶಾಲೆಗಳಲ್ಲಿ ನಾವೆಲ್ ಕಂಪನಿಯ ನೆಟ್‌ವೇರ್ ರಾಜ್ಯಭಾರ. ಅದಕ್ಕೆ ಮ್ಯಾಕ್ ಭಾಷೆ ಕಲಿಸುವ ಬಾಲಂಗೋಚಿಯೂ ಸಿಗುತ್ತಿತ್ತು. 1993ರ ವಿಂಡೋಸ್ ಎನ್‌ಟಿ ಸರ್ವರಿನ ಜೊತೆ ಮ್ಯಾಕ್ ಸೇವೆ ಸೇರಿಯೇ ಬಂತು. ಅಂದರೆ ಮೂರು ಜಾತಿಯನ್ನು ಒಂದೇ ಪಂಕ್ತಿಯಲ್ಲಿ ಕೂರಿಸುವುದು ಸಾಧ್ಯವಿತ್ತು, ಆದರೆ ಪ್ರತಿ ಎಲೆಗೂ ಪ್ರತ್ಯೇಕ ಲೈಸೆನ್ಸು.

ಪುಕ್ಕಟೆ ದಾರಿ ತೆರೆದವರಲ್ಲಿ ಮುಖ್ಯ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್. ಕ್ಯಾನ್‌ಬೆರಾದ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಗ ಪಿಸಿ ಕಡೆಯ ಫೈಲ್ ಹಂಚಿಕೆಯ ಭಾಷೆಯನ್ನು ತಂತಿಯ ಮೇಲೆ ಕದ್ದು ಕೇಳಿ, ಯೂನಿಕ್ಸ್‌ನಲ್ಲಿ ಅದನ್ನೇ ಮಾತಾಡುವ ತಂತ್ರಾಂಶ ಬರೆದರು. ಮೊದಲು ಹೊರಬಂದದ್ದು 1992ರ ಜನವರಿಯಲ್ಲಿ. ಆಮೇಲೆ ಹೆಸರು ಬೇಕಾಯಿತು. ಎಸ್, ಎಂ, ಬಿ ಮೂರೂ ಅಕ್ಷರ ಈ ಕ್ರಮದಲ್ಲಿರುವ ಪದಗಳನ್ನು ನಿಘಂಟಿನಲ್ಲಿ ಹುಡುಕಿದಾಗ ಸಿಕ್ಕಿದ್ದು ಸಾಂಬಾ. (ನಮ್ಮ ಶಿವನಿಗೂ ಇದಕ್ಕೂ ಸಂಬಂಧವಿಲ್ಲ. ಹುಳಿಗಂತೂ ಇಲ್ಲವೇ ಇಲ್ಲ!) ಮ್ಯಾಕ್ ಕಡೆಗೆ ಇಂಥದೇ ಕೆಲಸ ಮಾಡಿದ್ದು ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ನೆಟಾಟಾಕ್. ಒಂದು ಲಿನಕ್ಸ್ ಪೆಟ್ಟಿಗೆಯಲ್ಲಿ ಇವೆರಡನ್ನೂ ಹಾಕಿದರೆ ಅದೇ ಫೋಲ್ಡರು ಮ್ಯಾಕಿಗೂ ವಿಂಡೋಸಿಗೂ ಕಾಣುತ್ತದೆ.

ಇನ್ನು ಮೂವತ್ತು ಮುದಿ ಪೆಂಟಿಯಂಗಳು. 2002ರ ವಸಂತದಲ್ಲಿ ಮೈಕ್ರೋಸಾಫ್ಟ್ ಆರೆಗಾನ್ ಮತ್ತು ವಾಷಿಂಗ್ಟನ್ ರಾಜ್ಯಗಳ 24 ದೊಡ್ಡ ಶಾಲಾ ಜಿಲ್ಲೆಗಳಿಗೆ ಪತ್ರ ಬರೆದು, ನಿಮ್ಮಲ್ಲಿರುವ ತಂತ್ರಾಂಶಗಳ ಲೆಕ್ಕ 60 ದಿನದಲ್ಲಿ ಒಪ್ಪಿಸಿ ಅಂದಿತ್ತು. ದಾನ ಬಂದ ಮೆಷಿನ್ನಿನ ಲೈಸೆನ್ಸ್ ಚೀಟಿ ಯಾರ ಹತ್ತಿರ ಇರುತ್ತದೆ ಹೇಳಿ? ಅದೇ ಊರಿನ ರಿವರ್‌ಡೇಲ್ ಶಾಲೆಯಲ್ಲಿ ಪಾಲ್ ನೆಲ್ಸನ್ ಎಂಬವರು ಬೇರೆ ದಾರಿ ಹಿಡಿದಿದ್ದರು. 1999ರಲ್ಲಿ ಜಿಮ್ ಮೆಕ್ವಿಲನ್ ಶುರು ಮಾಡಿದ ಎಲ್‌ಟಿಎಸ್‌ಪಿ ಎಂಬ ಲಿನಕ್ಸ್ ಏರ್ಪಾಡನ್ನು ಎರಿಕ್ ಹ್ಯಾರಿಸನ್ ಜೊತೆ ಸೇರಿ ಶಾಲೆಗೆಂದೇ ಅಣಿಗೊಳಿಸಿ, ಕೆ12ಎಲ್‌ಟಿಎಸ್‌ಪಿ ಅಂತ ಹಂಚುತ್ತಿದ್ದರು. ಅದರಲ್ಲಿ ಮಕ್ಕಳ ಮುಂದಿನ ಪೆಟ್ಟಿಗೆಗೆ ಹಾರ್ಡ್ ಡಿಸ್ಕೇ ಬೇಡ. ತಂತಿಯಿಂದಲೇ ಬೂಟ್ ಆಗಿ, ಪರದೆ ಮತ್ತು ಕೀಲಿಮಣೆಯ ಕೆಲಸ ಮಾತ್ರ ಮಾಡುತ್ತದೆ. ದುಡಿಮೆ ಎಲ್ಲ ಸರ್ವರಿನದು.

ಹಾಗಾಗಿ ಸರ್ವರಿನ ಗಾತ್ರವೇ ಪ್ರಶ್ನೆ. ಆಗ ಓಡಾಡುತ್ತಿದ್ದ ಲೆಕ್ಕ: ಸರ್ವರಿಗೆ 256 ಎಂಬಿ, ಮೇಲೆ ತಲೆಗೆ ಐವತ್ತು. ನನ್ನ ಹಳದಿ ಕಾಗದ ಅದೇ. ಲಿನಕ್ಸಿನಲ್ಲಿ ಒಂದೇ ಪ್ರೋಗ್ರಾಮನ್ನು ಮೂವತ್ತು ಮಂದಿ ತೆರೆದರೂ ಅದರ ಕೋಡು ಮೆಮೊರಿಯಲ್ಲಿ ಒಂದೇ ಪ್ರತಿ ಇರುತ್ತದೆ. ಅದಕ್ಕೇ ಓಪನ್ ಆಫೀಸ್ ಮೊದಲು ತೆರೆದ ಮಗು ಆಕಳಿಸುತ್ತಾ ಕಾಯಬೇಕು, ಎರಡನೆಯದಕ್ಕೆ ಥಟ್ಟನೆ ಸಿಗುತ್ತದೆ. ಆದರೆ ಮೂವತ್ತು ಪರದೆಯ ಚಿತ್ರವೂ ಸರ್ವರಿನ ಒಂದೇ ತೂತಿನಿಂದ ಹೊರಬೀಳಬೇಕಲ್ಲ, ಹಾಗಾಗಿ ಸರ್ವರಿನಿಂದ ಸ್ವಿಚ್ಚಿಗೆ ಗಿಗಾಬಿಟ್, ಅಲ್ಲಿಂದ ಮಕ್ಕಳ ಕಡೆಗೆ 100 ಮೆಗಾಬಿಟ್ ಸಾಕು.

ಕಮಿಟಿಯ ಮುಂದೆ ಆಯ್ಕೆಗಳು ಬಂದವು. ಲೈಬ್ರರಿ ಮೇಡಂಗೆ ಆಪಲ್‌ನ ಎಕ್ಸ್‌ಸರ್ವ್ ಮೇಲೆ ಮನಸ್ಸು. 2002ರಲ್ಲಿ 2,999 ಡಾಲರಿಗೆ ಬಂದಿತ್ತು, ಎಷ್ಟು ಮಂದಿ ಸೇರಿದರೂ ಬೇರೆ ಲೈಸೆನ್ಸ್ ಇಲ್ಲ ಅನ್ನುವುದು ನಿಜಕ್ಕೂ ಒಳ್ಳೆಯ ಮಾತು. ವಿಂಡೋಸ್ 2000 ಸರ್ವರಿಗೆ ತಲೆಗೊಂದು ಲೈಸೆನ್ಸ್. ನಾನು ಜೋಡಿಸಿದ ಪೆಟ್ಟಿಗೆ ಮತ್ತು ಲಿನಕ್ಸ್ ಅಂದೆ, ಒಪ್ಪಿದರು. ಇದ್ದ ದುಡ್ಡಿನಲ್ಲಿ ಎರಡು ಪ್ರೊಸೆಸರು, 2 ಜಿಬಿ, ಒಂದಕ್ಕೊಂದು ಕನ್ನಡಿಯಾಗಿ ಎರಡು ಡಿಸ್ಕು. ಟೇಪ್ ಡ್ರೈವಿಗೆ ದುಡ್ಡು ಉಳಿಯಲಿಲ್ಲ. "ಒಂದು ಡಿಸ್ಕ್ ಹೋದರೆ ಇನ್ನೊಂದು ಇದೆಯಲ್ಲ" ಅಂದವನು ನಾನೇ. ಎರಡನೇ ಪ್ರೊಸೆಸರು ಅರ್ಧ ದಿನ ನಿದ್ದೆ ಹೊಡೆಯುತ್ತಿತ್ತು ಅನ್ನುವುದು ಆಮೇಲೆ ತಿಳಿಯಿತು. ಅದರ ಬದಲು ಟೇಪ್ ತಗೋಬೇಕಿತ್ತು.

ಆ ವರ್ಷ ಮೂರನೇ ಕ್ಲಾಸಿನ ಟೀಚರು ಮಕ್ಕಳಿಗೆ ಅಜ್ಜ ಅಜ್ಜಿಯರ ಮಾತನ್ನು ಐಮ್ಯಾಕಿನಲ್ಲಿ ರೆಕಾರ್ಡ್ ಮಾಡಿಸಿದರು. ನಮ್ಮಮ್ಮ ತೀರ್ಥಹಳ್ಳಿಯಿಂದ ಬಂದಿದ್ದಳು. ಮಗಳು ಅವಳನ್ನು ಶಾಲೆಗೆ ಕರೆದೊಯ್ದು, ಮಳೆಗಾಲದಲ್ಲಿ ಹೊಳೆ ದಾಟಿದ ಕತೆ ಹೇಳಿಸಿ ಸರ್ವರಿನಲ್ಲಿ ಇಟ್ಟಳು.

ಹಳೆ ಮ್ಯಾಕ್ ಫೈಲಿಗೆ ಎರಡು ಹೊಟ್ಟೆ. ಒಂದರಲ್ಲಿ ಮಾಮೂಲಿ ಡೇಟಾ, ಇನ್ನೊಂದು ರಿಸೋರ್ಸ್ ಫೋರ್ಕ್. ಲಿನಕ್ಸಿಗೆ ಎರಡನೇ ಹೊಟ್ಟೆ ಗೊತ್ತಿಲ್ಲವಾದ್ದರಿಂದ ನೆಟಾಟಾಕ್ ಅದನ್ನು 'ಆಪಲ್‌ಡಬಲ್' ಅನ್ನುವ ಅಡಗಿದ ಫೋಲ್ಡರಿನಲ್ಲಿ ಇಡುತ್ತಿತ್ತು. ಆಫೀಸಿನವರ ವಿಂಡೋಸಿನಲ್ಲಿ ಇವು ಮಂಕಾಗಿ ಕಾಣುತ್ತಿದ್ದವು, "ಇದೇನು ಕಸ" ಅಂತ ದೂರು ಬಂತು. ಒಂದು ಶನಿವಾರ ಕೂತು, ಒಂದೇ ಕಮ್ಯಾಂಡಿನಲ್ಲಿ ಎಲ್ಲ ಗುಡಿಸಿದೆ. ಹಳೆ ಶೈಲಿಯ ಮ್ಯಾಕ್ ಧ್ವನಿ ಫೈಲುಗಳಲ್ಲಿ ಧ್ವನಿ ಇರುವುದೇ ಎರಡನೇ ಹೊಟ್ಟೆಯಲ್ಲಿ. ಸೋಮವಾರ ನೋಡಿದರೆ ಫೈಲುಗಳ ಹೆಸರೆಲ್ಲ ಇವೆ, ಗಾತ್ರ ಸೊನ್ನೆ. ಕನ್ನಡಿ ಡಿಸ್ಕು ತನ್ನ ಧರ್ಮ ಪಾಲಿಸಿತ್ತು, ಅಲ್ಲೂ ಅಳಿಸಿತ್ತು.

ಟೀಚರು ಬೈಯಲಿಲ್ಲ. ಕೆಲವು ಮಕ್ಕಳ ಮೂಲಪ್ರತಿ ಐಮ್ಯಾಕುಗಳಲ್ಲೇ ಉಳಿದಿತ್ತು, ಹುಡುಕಿ ಕೊಟ್ಟೆ. ನಮ್ಮದು ಸಿಗಲಿಲ್ಲ. ಮುಂದಿನ ತಿಂಗಳು ನನ್ನ ದುಡ್ಡಿನಲ್ಲೇ ಟೇಪ್ ಡ್ರೈವ್ ತಂದು ಹಾಕಿದೆ.

ಈಗ ಆ ಜಗಳವೆಲ್ಲ ಮುಗಿದಿದೆ. ಎಕ್ಸ್‌ಸರ್ವ್ ಮಾರಾಟ 2011ರ ಜನವರಿಗೆ ನಿಂತಿತು. 2013ರಿಂದ ಮ್ಯಾಕ್ ತಾನೇ ಪಿಸಿ ಕಡೆಯ ಭಾಷೆಯನ್ನು ಮೊದಲ ಆಯ್ಕೆಯಾಗಿ ಮಾತಾಡುತ್ತಿದೆ. ಎಲ್‌ಟಿಎಸ್‌ಪಿಯನ್ನು 2019ರಲ್ಲಿ ಪೂರ್ತಿ ಹೊಸದಾಗಿ ಬರೆದರು.

ಅಮ್ಮ ಊರಿಗೆ ಹೋದ ಮೇಲೆ ಮಗಳು ಫೋನಿನಲ್ಲಿ ಅದೇ ಕತೆ ಮತ್ತೆ ಕೇಳಿದಳು. ಅಮ್ಮ ಹೇಳಿದಳು. ಈ ಸಲ ದೋಣಿಯವನ ಹೆಸರು ಬೇರೆ ಇತ್ತು, ಜೊತೆಗೆ ಬಂದಿದ್ದ ಎಮ್ಮೆ ಇರಲಿಲ್ಲ. "ಅಜ್ಜೀ, ಎಮ್ಮೆ ಎಲ್ಲಿ?" ಅಂದಳು ಮಗಳು. "ಎಮ್ಮೆನಾ? ಯಾವ ಎಮ್ಮೆಯೇ?" ಅಂದಳು ಅಮ್ಮ.